ಜಡ್ಜ್ ನೇಮಕಕ್ಕೆ ನಾವು ‘ಬೇಡ’ ಅನ್ನಬಹುದಾ?

ಫೋರ್ಟ್ ಜೂನಿಯರ್:
ಎಲ್ಲರಿಗೂ ನಮಸ್ಕಾರ. ಹೈಕೋರ್ಟಿಗೋ ಸುಪ್ರೀಂ ಕೋರ್ಟಿಗೋ ಒಬ್ಬರ ಹೆಸರು ಶಿಫಾರಸಾಗಿದೆ ಅಂತಿಟ್ಟುಕೊಳ್ಳಿ. ಅವರ ಹಿಂದಿನ ತೀರ್ಪು, ಭಾಷಣ ನೋಡಿದರೆ ಜನರ ಸ್ವಾತಂತ್ರ್ಯ ಇವರ ಕೈಯಲ್ಲಿ ಉಳಿಯುವುದಿಲ್ಲ ಅನ್ನಿಸುತ್ತದೆ. ಆಗ ನಮ್ಮಂಥವರು ಬಾಯಿ ಬಿಡಬಹುದಾ? ಮಾಟುಂಗಾದಲ್ಲಿ ನಮ್ಮ ಓದುವ ಗುಂಪು ಸೇರಿದಾಗ ಈ ಮಾತು ಬಂತು. ಹಿರಿಯರೊಬ್ಬರು, "ಕೋರ್ಟಿನ ಉಸಾಬರಿ ನಮಗೆ ಬೇಡಮ್ಮ, ನಿಂದನೆ ಕೇಸು ಹಾಕುತ್ತಾರೆ" ಅಂದರು. ಸುಮಾರು ಜನ ಹೌದು ಅಂದರು. ನನಗೆ ಒಪ್ಪಿಗೆಯಾಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಹೇಳುವುದು ಇಷ್ಟು. ವಿರೋಧಿಸಬಹುದು, ವಿರೋಧಿಸಬೇಕು ಕೂಡ. ಆದರೆ ಜಾತಿ, ಧರ್ಮ, ಹಳೆಯ ಪಕ್ಷ ನೋಡಿ ಅಲ್ಲ. ಅವರು ಏನು ಬರೆದಿದ್ದಾರೆ, ಏನು ಹೇಳಿದ್ದಾರೆ, ಏನು ಮಾಡಿದ್ದಾರೆ ಅನ್ನುವುದನ್ನು ನೋಡಿ. ಅದನ್ನು ಕಾಗದದಲ್ಲಿ, ನಮ್ಮ ಹೆಸರು ಹಾಕಿ, ಪ್ರಮಾಣವಚನಕ್ಕೆ ಮೊದಲೇ ಕಳಿಸಬೇಕು.

ಮುಂಬೈಗೆ ಇದು ಹೊಸದಲ್ಲ. ತುರ್ತುಪರಿಸ್ಥಿತಿಯಲ್ಲಿ, ವಿಚಾರಣೆ ಇಲ್ಲದೆ ಒಳಗಿಡುವ ಮೀಸಾ ಕಾಯ್ದೆಯಡಿ ಜೈಲಿಗೆ ಹೋದವರು ‘ನನ್ನನ್ನು ಯಾಕೆ ಹಿಡಿದಿರಿ’ ಅಂತ ಕೋರ್ಟನ್ನು ಕೇಳಬಹುದಾ ಅನ್ನುವ ಪ್ರಶ್ನೆ ಎದ್ದಿತ್ತು. ಕೇಳಬಹುದು ಅಂತ ಒಂಬತ್ತು ಹೈಕೋರ್ಟುಗಳು ಹೇಳಿದ್ದವು. ಬಾಂಬೆ, ಕರ್ನಾಟಕ ಎರಡೂ ಅದರಲ್ಲಿದ್ದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ಅದನ್ನು ತಳ್ಳಿಹಾಕಿದರು. ಎ.ಎನ್. ರೇ, ಎಂ.ಎಚ್. ಬೇಗ್, ವೈ.ವಿ. ಚಂದ್ರಚೂಡ್, ಪಿ.ಎನ್. ಭಗವತಿ. ಇದಕ್ಕೆ ಒಪ್ಪದೆ, ಕೇಳಬಹುದು ಅಂತ ಭಿನ್ನ ತೀರ್ಪು ಬರೆದವರು ಎಚ್.ಆರ್. ಖನ್ನಾ ಒಬ್ಬರೇ. ಅದಕ್ಕೆ ಅವರು ಕೊಟ್ಟ ಬೆಲೆ ಗೊತ್ತಲ್ಲ, 1977ರ ಜನವರಿಯಲ್ಲಿ ಅವರನ್ನು ದಾಟಿ ಬೇಗ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು.

1978ರ ಫೆಬ್ರವರಿಯಲ್ಲಿ ಬೇಗ್ ನಿವೃತ್ತರಾಗುವ ಹೊತ್ತಿಗೆ ಸಾಲಿನಲ್ಲಿ ಮುಂದಿದ್ದವರು ಚಂದ್ರಚೂಡ್. ಅವರ ಹಿಂದೆ ಭಗವತಿ. ಆಗ ಬಾಂಬೆಯ ಹಿರಿಯ ವಕೀಲರು, ಗಣ್ಯರು ಸೇರಿ ಸರ್ಕಾರಕ್ಕೆ ಒಂದು ಮನವಿ ಪತ್ರ ಕೊಟ್ಟರು. ಆ ತೀರ್ಪಿಗೆ ಸಹಿ ಹಾಕಿದವರು ದೇಶದ ಮುಖ್ಯ ನ್ಯಾಯಮೂರ್ತಿ ಆಗಬಾರದು ಅನ್ನುವುದು ಅದರ ಸಾರ. ಜನತಾ ಸರ್ಕಾರ ಒಪ್ಪಲಿಲ್ಲ. ಪುಣೆಯ ಚಂದ್ರಚೂಡ್ ಮುಖ್ಯ ನ್ಯಾಯಮೂರ್ತಿ ಆದರು, 1985ರ ಜುಲೈ ತನಕ ಇದ್ದರು. ಅಷ್ಟು ದೀರ್ಘ ಕಾಲ ಆ ಕುರ್ಚಿಯಲ್ಲಿ ಬೇರೆ ಯಾರೂ ಕೂತಿಲ್ಲ.

ಮನವಿ ಸೋತಿತು. ಆದರೂ ಅದು ನನಗೆ ದೊಡ್ಡ ವಿಷಯ. ನಮ್ಮದೇ ಊರಿನವರು, ಅದೇ ಬಾಂಬೆ ಹೈಕೋರ್ಟಿನಲ್ಲಿ ವಾದ ಮಾಡಿ ಬೆಳೆದವರು ಅಂತ ಇವರು ಸುಮ್ಮನಿರಲಿಲ್ಲ.

ಡೊಂಬಿವಲಿ ರಾಯರು:
ತಂಗಿ, ಚೆನ್ನಾಗಿ ಬರೆದಿದ್ದೀರಿ. ಆದರೆ ನಿಮ್ಮ ಉದಾಹರಣೆಯಲ್ಲೇ ಒಂದು ತೊಡಕಿದೆ. 1981ರ ಜುಲೈಯಲ್ಲಿ ಮುಖ್ಯಮಂತ್ರಿ ಅಂತುಲೆ ಅವರು ಫುಟ್‌ಪಾತಿನಲ್ಲಿ ಬದುಕುವವರನ್ನೆಲ್ಲ ಎಬ್ಬಿಸಿ ಅವರವರ ಊರಿಗೆ ಕಳಿಸುತ್ತೇವೆ ಅಂದರು. ಸುರಿಯುವ ಮಳೆಯಲ್ಲಿ ಜನರನ್ನು ಬಸ್ಸಿಗೆ ತುಂಬಿದರು. ನಮ್ಮ ಕಡೆಯಿಂದ ಬರಗಾಲಕ್ಕೆ ಓಡಿ ಬಂದ ಕೂಲಿಯವರೂ ಆ ಫುಟ್‌ಪಾತುಗಳಲ್ಲಿ ಇದ್ದರು. ಪತ್ರಕರ್ತೆ ಓಲ್ಗಾ ಟೆಲಿಸ್ ಮತ್ತು ಇತರರು ಕೋರ್ಟಿಗೆ ಹೋದರು. ಹೊಟ್ಟೆಪಾಡಿನ ಹಕ್ಕು ಬದುಕುವ ಹಕ್ಕಿನೊಳಗೇ ಇದೆ ಅಂತ 1985ರ ಜುಲೈ 10ರಂದು ತೀರ್ಪು ಬಂತು. ಬರೆದವರು ಯಾರು? ಇದೇ ಚಂದ್ರಚೂಡ್. ನಿವೃತ್ತಿಯ ಹಿಂದಿನ ದಿನ. 1978ರಲ್ಲಿ ಆ ಮನವಿ ಗೆದ್ದಿದ್ದರೆ ಈ ತೀರ್ಪು ಬರುತ್ತಿತ್ತಾ?

ಫೋರ್ಟ್ ಜೂನಿಯರ್:
ರಾಯರೇ, ಇದು ನಾನೂ ತುಂಬಾ ಯೋಚಿಸಿದ ಪ್ರಶ್ನೆ. ಆ ತೀರ್ಪನ್ನು ಇವತ್ತಿಗೂ ಬಡವರ ಪರ ವಾದ ಮಾಡುವಾಗ ಉಲ್ಲೇಖಿಸುತ್ತಾರೆ. ಅದರ ಬೆಲೆ ದೊಡ್ಡದು. ಅದೇ ತೀರ್ಪು ಕೊನೆಗೆ ಎಬ್ಬಿಸುವುದನ್ನು ತಡೆಯಲಿಲ್ಲ ಅನ್ನುವುದೂ ನಿಜ. ಮಳೆಗಾಲ ಮುಗಿಯಲಿ, ಅಕ್ಟೋಬರ್ 31ರ ತನಕ ಬಿಡಿ, ಅಂದಿತು ಅಷ್ಟೆ.

ಒಬ್ಬ ಮನುಷ್ಯ ಮುಂದೆ ಏನು ಬರೆಯುತ್ತಾನೆ ಅಂತ ಯಾರಿಗೂ ಮೊದಲೇ ಗೊತ್ತಾಗುವುದಿಲ್ಲ. 1978ರಲ್ಲಿ ಅವರ ಮುಂದಿದ್ದದ್ದು 1976ರ ತೀರ್ಪು. ಅದರ ಹಿಂದೆ ಜೈಲಿನಲ್ಲಿ ಕೊಳೆತ ಸಾವಿರಾರು ಜನ. ಇದ್ದ ದಾಖಲೆ ಹಿಡಿದು ಅವರು ಮಾತಾಡಿದರು. ಆ ತೀರ್ಪನ್ನು ಸುಪ್ರೀಂ ಕೋರ್ಟ್ ತಾನೇ ಹೆಸರು ಹಿಡಿದು ತಳ್ಳಿಹಾಕಲು 2017ರ ಆಗಸ್ಟ್ 24 ಬರಬೇಕಾಯಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ತಂದ ಖಾಸಗಿತನದ ಪ್ರಕರಣ ಅದು. ಅದರಲ್ಲಿ ತಂದೆಯ ತೀರ್ಪು ತಪ್ಪು ಅಂತ ಬರೆದವರು ಮಗ ಡಿ.ವೈ. ಚಂದ್ರಚೂಡ್. ನಲವತ್ತೊಂದು ವರ್ಷ ತಡವಾಗಿ ಬಂದ ಮಾತನ್ನು ಬಾಂಬೆಯವರು ಎರಡೇ ವರ್ಷದಲ್ಲಿ ಹೇಳಿದ್ದರು.

ಕಾರ್ಕಳ ಟು ಕಾಂದಿವಲಿ:
ಹಳೆಯ ಪಕ್ಷ ನೋಡಬಾರದು ಅಂದಿರಲ್ಲ, ಅದಕ್ಕೆ ನಮ್ಮ ಊರಿನ ಕಡೆಯ ಸಾಕ್ಷಿ ಒಂದಿದೆ. ಕೌಡೂರು ಸದಾನಂದ ಹೆಗ್ಡೆ. ಕೆ.ಎಸ್. ಹೆಗ್ಡೆ ಅಂದರೆ ಹೆಚ್ಚಿನವರಿಗೆ ಗೊತ್ತು, ಸಂತೋಷ್ ಹೆಗ್ಡೆಯವರ ತಂದೆ. ಅವರು ಕಾಂಗ್ರೆಸ್ಸಿನಿಂದ ರಾಜ್ಯಸಭೆಯಲ್ಲಿ ಇದ್ದವರು, ಆಮೇಲೆ ಜಡ್ಜ್ ಆದವರು. ಪಕ್ಷ ನೋಡಿ ಅಳೆದಿದ್ದರೆ ಇಂದಿರಾ ಗಾಂಧಿ ಸರ್ಕಾರದ ಕಡೆಯ ಮನುಷ್ಯ ಅಂತ ಬರೆದುಬಿಡುತ್ತಿದ್ದರು. ಆಗಿದ್ದೇನು? 1973ರ ಏಪ್ರಿಲ್ 24ರಂದು ಕೇಶವಾನಂದ ಭಾರತಿ ಪ್ರಕರಣದಲ್ಲಿ ಸಂವಿಧಾನದ ಮೂಲ ಸ್ವರೂಪ ಮುಟ್ಟುವಂತಿಲ್ಲ ಅಂತ ಸರ್ಕಾರದ ವಿರುದ್ಧ ನಿಂತವರಲ್ಲಿ ಅವರೂ ಒಬ್ಬರು. ತೀರ್ಪಿನ ಬೆನ್ನಿಗೇ ಶೇಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು. ಮೂವರೂ ರಾಜೀನಾಮೆ ಕೊಟ್ಟು ಹೊರಗೆ ಬಂದರು.

2025ರಲ್ಲಿ ಬಾಂಬೆ ಹೈಕೋರ್ಟಿಗೆ ಶಿಫಾರಸಾದ ವಕೀಲೆಯೊಬ್ಬರು ಹಿಂದೆ ಮಹಾರಾಷ್ಟ್ರ ಬಿಜೆಪಿಯ ವಕ್ತಾರೆ ಆಗಿದ್ದರು ಅಂತ ಇಲ್ಲಿ ದೊಡ್ಡ ಗಲಾಟೆ ಆಯಿತು. 2024ರ ಜನವರಿಯಲ್ಲೇ ರಾಜೀನಾಮೆ ಕೊಟ್ಟಿದ್ದಾರೆ ಅಂತ ಪಕ್ಷ ಹೇಳಿತು. ನನ್ನ ಗೆಳೆಯರು ಕೆಲವರು ಅಷ್ಟಕ್ಕೇ ಕುದಿಯುತ್ತಿದ್ದರು. ನಾನು ಅವರಿಗೆ ಹೆಗ್ಡೆಯವರ ಕಥೆ ಹೇಳಿದೆ. ಕೇರಳದಲ್ಲಿ 1957ರ ಇ.ಎಂ.ಎಸ್. ಅವರ ಕಮ್ಯುನಿಸ್ಟ್ ಸರ್ಕಾರದಲ್ಲಿ ಮಂತ್ರಿಯಾಗಿದ್ದು, ಆಮೇಲೆ ಸುಪ್ರೀಂ ಕೋರ್ಟ್ ಜಡ್ಜ್ ಆದ ಕೃಷ್ಣ ಅಯ್ಯರ್ ಅವರ ಕಥೆಯನ್ನೂ ಹೇಳಿದೆ. ಕೈದಿಗಳ ಹಕ್ಕಿನ ಬಗ್ಗೆ ಅವರಷ್ಟು ಬರೆದವರು ಯಾರಿದ್ದಾರೆ?

ಅಕ್ಕಲಕೋಟೆ ಪುಣೇಕರ್:
ಅಣ್ಣಾವ್ರೇ, ಅದು ಒಂದು ಕಡೆ ಆಯ್ತು ರೀ. ಬಹರುಲ್ ಇಸ್ಲಾಂ ಅವರನ್ನು ಮರೆತಿರಾ? ಕಾಂಗ್ರೆಸ್ ಎಂಪಿ, ಆಮೇಲೆ ಗೌಹಾಟಿ ಹೈಕೋರ್ಟ್, ನಿವೃತ್ತಿ ಆದ ಮೇಲೆ 1980ರಲ್ಲಿ ಸುಪ್ರೀಂ ಕೋರ್ಟ್, 1983ರಲ್ಲಿ ರಾಜೀನಾಮೆ ಕೊಟ್ಟು ಮತ್ತೆ ಕಾಂಗ್ರೆಸ್ ಎಂಪಿ. ಪಕ್ಷದ ಹಿನ್ನೆಲೆ ಏನೂ ಅಲ್ಲ ಅಂತ ನಾನು ಒಪ್ಪುವುದಿಲ್ಲ. ಜನ ಕೇಳಲಿ. ಬರೀ ಅದೊಂದರ ಮೇಲೆ ಬೇಡ ಅನ್ನೋದು ಬೇಡ, ಅಷ್ಟೆ.

ಪಿಂಪ್ರಿ ಐಟಿ:
ಅಮೆರಿಕದಲ್ಲಿ ಇದನ್ನೆಲ್ಲ ಬಹಿರಂಗವಾಗಿ ಮಾಡುತ್ತಾರೆ. 1987ರಲ್ಲಿ ಅಧ್ಯಕ್ಷ ರೇಗನ್ ಅವರು ರಾಬರ್ಟ್ ಬೋರ್ಕ್ ಹೆಸರನ್ನು ಸುಪ್ರೀಂ ಕೋರ್ಟಿಗೆ ಸೂಚಿಸಿದರು. ಗಂಡ ಹೆಂಡತಿ ಗರ್ಭನಿರೋಧಕ ಬಳಸುವುದು ಅವರ ಖಾಸಗಿ ವಿಷಯ ಅಂತ ಅಲ್ಲಿನ ಕೋರ್ಟ್ 1965ರಲ್ಲಿ ಹೇಳಿತ್ತು. ಆ ತೀರ್ಪಿಗೆ ಸಂವಿಧಾನದಲ್ಲಿ ಆಧಾರ ಇಲ್ಲ ಅಂತ ಬೋರ್ಕ್ ಬರೆದಿದ್ದರು. ಕರಿಯರ ಹಕ್ಕಿನ ಸಂಘಟನೆಗಳು, ಮಹಿಳಾ ಸಂಘಟನೆಗಳು, ನಾಗರಿಕ ಹಕ್ಕುಗಳ ಒಕ್ಕೂಟಗಳು ಎಲ್ಲ ಎದ್ದು ನಿಂತವು. ಸೆನೆಟ್ ಸಮಿತಿ ಅವರನ್ನೇ ಕೂರಿಸಿ ದಿನಗಟ್ಟಲೆ ಪ್ರಶ್ನೆ ಕೇಳಿತು, ಟಿವಿಯಲ್ಲಿ ದೇಶ ನೋಡಿತು. ಅಕ್ಟೋಬರ್ 23ರಂದು 58-42 ಮತಗಳಿಂದ ಹೆಸರು ಬಿದ್ದುಹೋಯಿತು. ಆ ಜಾಗಕ್ಕೆ ಆಂಥನಿ ಕೆನಡಿ ಬಂದರು. 2015ರಲ್ಲಿ ಸಲಿಂಗಿಗಳ ಮದುವೆಗೆ ಹಕ್ಕಿದೆ ಅಂತ 5-4ರ ತೀರ್ಪು ಬರೆದವರು ಅವರೇ. ಒಂದು ಕುರ್ಚಿಯಲ್ಲಿ ಯಾರು ಕೂರುತ್ತಾರೆ ಅನ್ನುವುದರಿಂದ ಎಷ್ಟು ಬದಲಾಗುತ್ತದೆ ನೋಡಿ. ನಮ್ಮಲ್ಲೂ ಹಾಗೆ ಮಾಡಿದರೆ ಏನು?

ಫೋರ್ಟ್ ಜೂನಿಯರ್:
ನನಗೆ ಆ ಪದ್ಧತಿಯ ಬಗ್ಗೆ ಪೂರ್ತಿ ಮನಸ್ಸಿಲ್ಲ. ಅಲ್ಲಿ ಕೊನೆಗೆ ಮತ ಹಾಕುವುದು ಪಕ್ಷದವರು. ಇತ್ತೀಚೆಗೆ ಪ್ರತಿ ನೇಮಕವೂ ಪಕ್ಷದ ಗೆರೆಯಲ್ಲೇ ಸೀಳಿಹೋಗುತ್ತಿದೆ. ನಮ್ಮಲ್ಲಿ ಸರ್ಕಾರದ ಕೈ ಮೇಲಾದಾಗ ಏನಾಯಿತು ಅಂತ 1973, 1977 ಎರಡೂ ತೋರಿಸಿವೆ. 1993ರಿಂದ ಆಯ್ಕೆ ಕೊಲಿಜಿಯಂ, ಅಂದರೆ ಹಿರಿಯ ನ್ಯಾಯಮೂರ್ತಿಗಳ ಗುಂಪಿನ ಕೈಯಲ್ಲಿದೆ. ಬದಲಿಗೆ ತಂದ ರಾಷ್ಟ್ರೀಯ ನ್ಯಾಯಾಂಗ ನೇಮಕಾತಿ ಆಯೋಗವನ್ನು 2015ರ ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟ್ 4-1ರಲ್ಲಿ ರದ್ದು ಮಾಡಿತು.

ನಮಗೆ ಬೇಕಾದದ್ದು ಪ್ರಶ್ನೆ ಕೇಳುವ ಜಾಗ. ಅದು ಈಗ ಎಷ್ಟು ಚಿಕ್ಕದು ಅಂತ ಹೇಳುತ್ತೇನೆ. ಹೈಕೋರ್ಟ್ ಜಡ್ಜ್ ಆಗಬೇಕಾದರೆ ಮೊದಲು ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ಇಬ್ಬರು ಹಿರಿಯರು ಹೆಸರು ಕಳಿಸುತ್ತಾರೆ. ರಾಜ್ಯ ಸರ್ಕಾರ, ಕೇಂದ್ರ ಕಾನೂನು ಸಚಿವಾಲಯ, ಗುಪ್ತಚರ ವರದಿ ಎಲ್ಲ ದಾಟಿ ಸುಪ್ರೀಂ ಕೋರ್ಟ್ ಕೊಲಿಜಿಯಂಗೆ ಬರುತ್ತದೆ. ಇಲ್ಲಿಯವರೆಗೆ ನಮಗೆ ಏನೂ ತಿಳಿಯುವುದಿಲ್ಲ. 2017ರ ಅಕ್ಟೋಬರ್‌ನಿಂದ ಕೊಲಿಜಿಯಂ ನಿರ್ಣಯಗಳನ್ನು ಸುಪ್ರೀಂ ಕೋರ್ಟ್ ಜಾಲತಾಣದಲ್ಲಿ ಹಾಕುತ್ತಿದ್ದಾರೆ. ಆ ದಿನದಿಂದ ರಾಷ್ಟ್ರಪತಿ ಆದೇಶ ಬಂದು ಪ್ರಮಾಣವಚನ ಆಗುವ ತನಕ ನಮ್ಮ ಸಮಯ. ಕೆಲವೊಮ್ಮೆ ತಿಂಗಳುಗಟ್ಟಲೆ, ಕೆಲವೊಮ್ಮೆ ಮೂರು ವಾರ.

2023ರ ಮದ್ರಾಸ್ ಪ್ರಕರಣ ನೋಡಿ. ಎಲ್. ವಿಕ್ಟೋರಿಯಾ ಗೌರಿ ಅವರ ಹೆಸರು ಜನವರಿ 17ಕ್ಕೆ ಶಿಫಾರಸಾಯಿತು. ಅಲ್ಪಸಂಖ್ಯಾತರ ಬಗ್ಗೆ ಅವರು ಆಡಿದ್ದಾರೆ ಎನ್ನಲಾದ ಮಾತುಗಳನ್ನು ಮುಂದಿಟ್ಟು ಅಲ್ಲಿನ ವಕೀಲರು ಆಕ್ಷೇಪ ಎತ್ತಿದರು. ಫೆಬ್ರವರಿ 7ರಂದು ದೆಹಲಿಯಲ್ಲಿ ಸುಪ್ರೀಂ ಕೋರ್ಟ್ ಅರ್ಜಿ ಕೇಳುತ್ತಿತ್ತು, ಅದೇ ಹೊತ್ತಿಗೆ ಚೆನ್ನೈನಲ್ಲಿ ಪ್ರಮಾಣವಚನ ನಡೆಯಿತು. ಅರ್ಜಿ ವಜಾ ಆಯಿತು. ಅರ್ಹತೆ ಇದೆಯಾ ಅಂತ ಕೋರ್ಟ್ ನೋಡಬಹುದು, ಯೋಗ್ಯರಾ ಅಂತ ನೋಡುವುದು ಕೊಲಿಜಿಯಂ ಕೆಲಸ ಅಂದರು. ಅರ್ಹತೆ ಅಂದರೆ 217ನೇ ವಿಧಿಯಲ್ಲಿರುವ ಹತ್ತು ವರ್ಷದ ವಕೀಲಿಕೆ ಅಥವಾ ಹತ್ತು ವರ್ಷದ ನ್ಯಾಯಾಂಗ ಹುದ್ದೆ. ಆ ಕಾರಣಕ್ಕೆ ನೇಮಕವನ್ನು ಪ್ರಮಾಣವಚನಕ್ಕೆ ಮುಂಚೆ ಸುಪ್ರೀಂ ಕೋರ್ಟ್ ತಡೆದದ್ದು 1992ರಲ್ಲಿ, ಗೌಹಾಟಿ ಹೈಕೋರ್ಟಿನ ವಿಷಯದಲ್ಲಿ. ಹಾಗಾಗಿ ಕೊಲಿಜಿಯಂಗೆ ಬೇಗ ಬರೆಯುವುದು ಬಿಟ್ಟರೆ ನಮಗೆ ದಾರಿ ಇಲ್ಲ.

ಪ್ರಮಾಣವಚನ ಆದ ಮೇಲೆ ಜಡ್ಜನ್ನು ತೆಗೆಯಬೇಕಾದರೆ ಸಂಸತ್ತಿನ ಎರಡೂ ಸದನಗಳಲ್ಲಿ ವಿಶೇಷ ಬಹುಮತ ಬೇಕು. ಇವತ್ತಿನವರೆಗೆ ಒಬ್ಬ ಜಡ್ಜನ್ನೂ ಹಾಗೆ ತೆಗೆದಿಲ್ಲ. ಹೈಕೋರ್ಟಿನಲ್ಲಿ 62ರ ತನಕ, ಸುಪ್ರೀಂ ಕೋರ್ಟಿನಲ್ಲಿ 65ರ ತನಕ ಇರುತ್ತಾರೆ.

ವಾಶಿ ವನಿತಾ:
ಹೈಕೋರ್ಟಿಗೆ ಇನ್ನೊಂದು ಅವಕಾಶ ಇದೆ ಅಲ್ವಾ? ಮೊದಲು ಹೆಚ್ಚುವರಿ ನ್ಯಾಯಮೂರ್ತಿ, ಆಮೇಲೆ ಕಾಯಂ. 2021ರಲ್ಲಿ ನಮ್ಮ ಹೈಕೋರ್ಟಿನ ನಾಗಪುರ ಪೀಠದಿಂದ ಬಂದ ತೀರ್ಪು ಯಾವ ತಾಯಿ ಮರೆತಾಳು? 12 ವರ್ಷದ ಹುಡುಗಿಯ ಮೈಯನ್ನು ಬಟ್ಟೆಯ ಮೇಲಿಂದ ಮುಟ್ಟಿದರೆ, ಚರ್ಮಕ್ಕೆ ಚರ್ಮ ತಾಗದಿದ್ದರೆ, ಅದು ಪೋಕ್ಸೊ ಕಾಯ್ದೆಯ ಲೈಂಗಿಕ ಹಲ್ಲೆ ಅಲ್ಲ ಅಂದಿತು. ಬರೆದವರು ಹೆಚ್ಚುವರಿ ನ್ಯಾಯಮೂರ್ತಿ ಪುಷ್ಪಾ ಗನೇಡಿವಾಲಾ. ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ, ನನ್ನ ಮಗಳೂ ಅದೇ ವಯಸ್ಸಿನವಳು. ದೇಶದ ತುಂಬ ಜನ ಮಾತಾಡಿದರು. ಅವರನ್ನು ಕಾಯಂ ಮಾಡುವ ಶಿಫಾರಸನ್ನು ಕೊಲಿಜಿಯಂ ವಾಪಸ್ ತೆಗೆದುಕೊಂಡಿತು. ಅಟಾರ್ನಿ ಜನರಲ್ ವೇಣುಗೋಪಾಲ್ ಅವರೇ ಮೇಲ್ಮನವಿ ಹಾಕಿದರು, ನವೆಂಬರ್ 18ರಂದು ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದು ಮಾಡಿತು. 2022ರ ಫೆಬ್ರವರಿಯಲ್ಲಿ ಅವರು ರಾಜೀನಾಮೆ ಕೊಟ್ಟರು. ಜನ ಸುಮ್ಮನಿದ್ದಿದ್ದರೆ ಅವರು ಇನ್ನೂ ಆ ಪೀಠದಲ್ಲಿ ಇರುತ್ತಿದ್ದರೋ ಏನೋ.

ಅಕ್ಕಲಕೋಟೆ ಪುಣೇಕರ್:
ಅಕ್ಕಾ, ಆ ತೀರ್ಪು ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಆದರೆ ನನಗೆ ಒಂದು ಭಯ ಇದೆ. ಕಾಯಂ ಮಾಡದೆ ಮನೆಗೆ ಕಳಿಸುವ ಇದೇ ದಾರಿಯನ್ನು ತುರ್ತುಪರಿಸ್ಥಿತಿಯಲ್ಲಿ ಒಳ್ಳೆಯ ಜಡ್ಜ್ ಮೇಲೆ ಬಳಸಿದರು. ಯು.ಆರ್. ಲಳಿತ್ ಬಾಂಬೆ ಹೈಕೋರ್ಟಿನ ಹೆಚ್ಚುವರಿ ನ್ಯಾಯಮೂರ್ತಿ. ಸರ್ಕಾರ ಹಿಡಿದಿದ್ದ ವಿದ್ಯಾರ್ಥಿಗಳಿಗೆ ಜಾಮೀನು ಕೊಟ್ಟರು. ಅವರನ್ನು ಕಾಯಂ ಮಾಡಲಿಲ್ಲ. ಅವರ ಮಗ ಯು.ಯು. ಲಳಿತ್ ಆಮೇಲೆ ಮುಖ್ಯ ನ್ಯಾಯಮೂರ್ತಿ ಆದರು. ನೀವು ಹೇಳಿದ ನಾಗಪುರ ತೀರ್ಪನ್ನು ರದ್ದು ಮಾಡಿದ ಪೀಠದ ಹಿರಿಯರೂ ಅವರೇ.

ಇನ್ನೊಂದು. ನಮ್ಮ ಮುಂಬೈ ವಕೀಲರು ಸೋಮಶೇಖರ್ ಸುಂದರೇಶನ್. 2022ರಲ್ಲಿ ಅವರ ಹೆಸರು ಹೋದಾಗ ಕೇಂದ್ರ ಸರ್ಕಾರ ಬೇಡ ಅಂದಿತು. ಯಾಕೆ? ಕೋರ್ಟಿನ ಮುಂದಿರುವ ವಿಷಯಗಳ ಬಗ್ಗೆ ಸೋಷಿಯಲ್ ಮೀಡಿಯಾದಲ್ಲಿ ಅಭಿಪ್ರಾಯ ಬರೆದಿದ್ದಾರೆ ಅಂತ. ಮಾತಾಡುವ ಹಕ್ಕು ಎಲ್ಲ ನಾಗರಿಕರಿಗೂ ಇದೆ ಅಂತ 2023ರ ಜನವರಿಯಲ್ಲಿ ಕೊಲಿಜಿಯಂ ಮತ್ತೆ ಹೆಸರು ಕಳಿಸಿತು. ನವೆಂಬರ್‌ನಲ್ಲಿ ನೇಮಕ ಆಯಿತು. ಗೌರಿಯವರ ಮಾತಿಗೆ ಬೇಡ, ಇವರ ಮಾತಿಗೆ ಪರವಾಗಿಲ್ಲ ಅಂತ ಯಾವ ಬಾಯಿಯಿಂದ ಹೇಳೋಣ ರೀ?

ಫೋರ್ಟ್ ಜೂನಿಯರ್:
ಈ ಚರ್ಚೆಯಲ್ಲಿ ನನಗೆ ತುಂಬಾ ಬೇಕಾಗಿದ್ದ ಪ್ರಶ್ನೆ ಇದು. ನಾನು ಗೆರೆ ಹಾಕುವುದು ಇಲ್ಲಿ. ಸರ್ಕಾರವನ್ನು, ಕಾನೂನನ್ನು, ತೀರ್ಪನ್ನು ಟೀಕಿಸುವ ಮಾತು ಬೇರೆ. ಒಂದು ಜನಸಮುದಾಯವನ್ನೇ ಕೀಳು ಅನ್ನುವ ಮಾತು ಬೇರೆ. ಮೊದಲನೆಯದನ್ನು ಆಡಿದವರ ಮುಂದೆ ಸರ್ಕಾರವೂ ನ್ಯಾಯ ಪಡೆಯುತ್ತದೆ, ಅದಕ್ಕೆ ಬೇಕಾದಷ್ಟು ವಕೀಲರಿದ್ದಾರೆ. ಎರಡನೆಯದನ್ನು ಆಡಿದವರ ಮುಂದೆ ಆ ಸಮುದಾಯದ ಹುಡುಗನೊಬ್ಬ ಜಾಮೀನಿಗೆ ನಿಂತರೆ ಅವನ ಗತಿ ಏನು? ಅಂಥ ಮಾತು ಆಡಿದ್ದು ಹೌದೋ ಅಲ್ಲವೋ ಅನ್ನುವುದನ್ನು ಮೊದಲು ಗಟ್ಟಿ ಮಾಡಿಕೊಳ್ಳಬೇಕು. ಪೂರ್ತಿ ಭಾಷಣ ಕೇಳಬೇಕು. ತುಂಡು ವಿಡಿಯೊ ನಂಬಿ ಸಹಿ ಹಾಕಬಾರದು.

ಲಳಿತ್ ಅವರ ವಿಷಯಕ್ಕೆ ಬಂದರೆ, ಜಾಮೀನು ಕೊಟ್ಟದ್ದಕ್ಕೆ ಒಬ್ಬರನ್ನು ಕಳಿಸಿದ ದಾರಿಯಲ್ಲೇ ಮಗುವಿನ ಮೈಗೆ ರಕ್ಷಣೆ ಕೊಡದ ಇನ್ನೊಬ್ಬರೂ ಹೋದರು ಅನ್ನುವುದು ನಿಜ. ಅದಕ್ಕೇ ಕಾರಣ ಬಹಿರಂಗವಾಗಿರಬೇಕು ಅನ್ನುತ್ತೇನೆ. ಲಳಿತ್ ಅವರನ್ನು ಯಾಕೆ ಕಾಯಂ ಮಾಡಲಿಲ್ಲ ಅಂತ ಸರ್ಕಾರ ಜನರೆದುರು ಬರೆದು ಕೊಡಬೇಕಾಗಿದ್ದರೆ ಆ ಕೆಲಸ ಅಷ್ಟು ಸುಲಭ ಆಗುತ್ತಿರಲಿಲ್ಲ.

ಮಡಗಾಂವ್ ಮೇಷ್ಟ್ರು:
ಗೋವಾದಿಂದ ನನ್ನದೂ ಸ್ವಲ್ಪ. ಸಾಮಾನ್ಯ ಮನುಷ್ಯನಿಗೆ ಇದು ಯಾಕೆ ಮುಖ್ಯ ಅಂತ ಯಾರೂ ಇನ್ನೂ ಹೇಳಲಿಲ್ಲ. ಭಯೋತ್ಪಾದನೆ ತಡೆಯುವ ಕಾಯ್ದೆ ಯುಎಪಿಎ ತೆಗೆದುಕೊಳ್ಳಿ. ಪೊಲೀಸರ ಕಾಗದ ಮೇಲ್ನೋಟಕ್ಕೆ ನಿಜ ಅನಿಸಿದರೆ ಜಾಮೀನು ಇಲ್ಲ ಅನ್ನುತ್ತದೆ ಅದರ 43ಡಿ(5). 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಬಿಗಿಯಾಗಿ ಓದಿತು. 2021ರಲ್ಲಿ ನಜೀಬ್ ಪ್ರಕರಣದಲ್ಲಿ ಅದೇ ಕೋರ್ಟಿನ ಬೇರೆ ಪೀಠ, ವಿಚಾರಣೆ ಮುಗಿಯುವ ಲಕ್ಷಣ ಇಲ್ಲದೆ ವರ್ಷಗಟ್ಟಲೆ ಒಳಗಿಡುವುದು ಸರಿಯಲ್ಲ ಅಂದಿತು. ಸೆಕ್ಷನ್ ಅದೇ, ಓದುವ ಮನಸ್ಸು ಬೇರೆ. ಭೀಮಾ ಕೋರೆಗಾಂವ್ ಪ್ರಕರಣದಲ್ಲಿ ಇದೇ ಕಾಯ್ದೆಯಡಿ ಬಂಧಿತರಾಗಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ ಅವರಿಗೆ 84 ವರ್ಷ, ಪಾರ್ಕಿನ್ಸನ್ ಕಾಯಿಲೆ. 2021ರ ಜುಲೈ 5ರಂದು ಮುಂಬೈನ ಆಸ್ಪತ್ರೆಯಲ್ಲಿ ತೀರಿಕೊಂಡರು, ಜಾಮೀನು ಅರ್ಜಿ ಹೈಕೋರ್ಟಿನ ಮುಂದೆ ಹಾಗೇ ಇತ್ತು. ಇಲ್ಲೇ ಗೋವಾದಲ್ಲಿ ಪಾಠ ಮಾಡುತ್ತಿದ್ದ ಆನಂದ್ ತೇಲ್ತುಂಬ್ಡೆ ಅವರಿಗೆ ಅದೇ ಹೈಕೋರ್ಟ್ 2022ರ ನವೆಂಬರ್‌ನಲ್ಲಿ ಜಾಮೀನು ಕೊಟ್ಟಿತು. ಎರಡೂವರೆ ವರ್ಷ ಒಳಗಿದ್ದ ಮೇಲೆ.

ಒಂದು ಹೆಸರು ಬಂದಾಗ ನಾನು ನೋಡುವುದು ಅವರ ಜಾಮೀನು ಆದೇಶಗಳನ್ನು. ದೊಡ್ಡ ಸಂವಿಧಾನ ತೀರ್ಪುಗಳಲ್ಲಿ ಎಲ್ಲರೂ ಚೆಂದ ಬರೆಯುತ್ತಾರೆ.

ಡೊಂಬಿವಲಿ ರಾಯರು:
ಮೇಷ್ಟ್ರೇ, ಮನಸ್ಸಿಗೆ ತಾಗಿತು. ಆದರೆ ನಿಂದನೆ ಕೇಸಿನ ಮಾತಿಗೆ ಉತ್ತರ ಬರಲಿಲ್ಲ. ಪಿಂಚಣಿಯಲ್ಲಿ ಬದುಕುವವನು ನಾನು, ನನಗೆ ಅದು ಸಣ್ಣ ವಿಷಯ ಅಲ್ಲ.

ಫೋರ್ಟ್ ಜೂನಿಯರ್:
ಭಯ ಸಹಜ ರಾಯರೇ. ಕಾನೂನು ಹೀಗಿದೆ. 1971ರ ನ್ಯಾಯಾಂಗ ನಿಂದನೆ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮುಗಿದ ಪ್ರಕರಣದ ತೀರ್ಪನ್ನು ನ್ಯಾಯವಾಗಿ ಟೀಕಿಸುವುದು ನಿಂದನೆ ಅಲ್ಲ. ಸಾರ್ವಜನಿಕ ಹಿತಕ್ಕೆ, ಪ್ರಾಮಾಣಿಕವಾಗಿ ಹೇಳಿದ ಸತ್ಯವನ್ನು ಕೋರ್ಟ್ ಸಮರ್ಥನೆಯಾಗಿ ಒಪ್ಪಬಹುದು ಅಂತ 2006ರಲ್ಲಿ 13ನೇ ಸೆಕ್ಷನ್ನಿಗೆ ಸೇರಿಸಿದರು. ಇನ್ನೂ ವಕೀಲರಾಗಿರುವವರ ಹಳೆಯ ಭಾಷಣವನ್ನು ಟೀಕಿಸುವುದು ಕೋರ್ಟನ್ನು ಟೀಕಿಸಿದ ಹಾಗಲ್ಲ. ಈಗಾಗಲೇ ಕುರ್ಚಿಯಲ್ಲಿ ಇರುವವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು. 1995ರಲ್ಲಿ ಬಾಂಬೆಯ ವಕೀಲರು ಬಾಂಬೆ ಹೈಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಎ.ಎಂ. ಭಟ್ಟಾಚಾರ್ಜಿ ಅವರ ರಾಜೀನಾಮೆ ಕೇಳಿದರು, ಅವರು ಕೊಟ್ಟೂಬಿಟ್ಟರು. ಆಗ ಸುಪ್ರೀಂ ಕೋರ್ಟ್, ವಕೀಲರ ಸಂಘ ಹೀಗೆ ಒತ್ತಡ ಹಾಕುವಂತಿಲ್ಲ, ದೂರನ್ನು ದಾಖಲೆ ಸಮೇತ ಮುಖ್ಯ ನ್ಯಾಯಮೂರ್ತಿಗೆ ಕೊಡಿ ಅಂದಿತು.

ದಾಖಲೆ ಸಮೇತ ಅನ್ನುವುದು ಗಟ್ಟಿ ದಾರಿ. 2009ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ಪಿ.ಡಿ. ದಿನಕರನ್ ಅವರ ಹೆಸರು ಸುಪ್ರೀಂ ಕೋರ್ಟಿಗೆ ಹೋಗಿತ್ತು. ಚೆನ್ನೈನ ವಕೀಲರು ಘೋಷಣೆ ಕೂಗಿ ಕೂರಲಿಲ್ಲ. ತಿರುವಳ್ಳೂರು ಜಿಲ್ಲೆಯ ಜಮೀನಿನ ಕಾಗದಪತ್ರ ಜೋಡಿಸಿ ಕೊಟ್ಟರು. ಆರೋಪವನ್ನು ಅವರು ಅಲ್ಲಗಳೆದರು. ಆದರೂ ಬಡ್ತಿ ನಿಂತಿತು. ಅದು ಜಮೀನಿನ ವಿಷಯ, ನಮ್ಮದು ಸ್ವಾತಂತ್ರ್ಯದ ವಿಷಯ, ಆದರೆ ಕೆಲಸ ಮಾಡುವ ಕ್ರಮ ಅದೇ.

ವಾಶಿ ವನಿತಾ:
ಸರಿ, ನಾವು ಏನು ಮಾಡೋಣ ಹೇಳಿ. ಕೆಲಸ ಮುಗಿಸಿ ಮನೆಗೆ ಬರುವಾಗ ಎಂಟಾಗುತ್ತದೆ. ಇಂಗ್ಲಿಷ್ ತೀರ್ಪು ಓದಲು ನನಗೆ ಕಷ್ಟ.

ಅಕ್ಕಲಕೋಟೆ ಪುಣೇಕರ್:
2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲಿ ಹೈಕೋರ್ಟಿನ ಪೀಠ ಶುರುವಾಗಿದೆ. ಸೊಲ್ಲಾಪುರ, ಸಾಂಗ್ಲಿ ಎರಡೂ ಅದಕ್ಕೆ ಸೇರುತ್ತವೆ. ಅಕ್ಕಲಕೋಟೆ, ಜತ್ ಕಡೆಯ ನಮ್ಮ ಕನ್ನಡ ಮಂದಿ ಜಮೀನಿಗೂ ಜಾಮೀನಿಗೂ ಈಗ ಅಲ್ಲಿಗೇ ಹೋಗುತ್ತಾರೆ. ಬಾಂಬೆ ಹೈಕೋರ್ಟಿಗೆ ಹೊಸ ಹೆಸರು ಬಂದ ದಿನ ನಾನು ಆ ನಿರ್ಣಯವನ್ನು ಕನ್ನಡದಲ್ಲಿ ಹಾಕುತ್ತೇನೆ. ಮರಾಠಿಯಲ್ಲಿ ನನ್ನ ತಂಗಿ ಬರೆಯುತ್ತಾಳೆ. ನಮ್ಮ ಮಾತು ನಮ್ಮ ಜನರೊಳಗೇ ಸುತ್ತಿದರೆ ಸಾಲದು, ಪಕ್ಕದ ಮನೆಯ ಮರಾಠಿಗರೂ ಓದಬೇಕು.

ಫೋರ್ಟ್ ಜೂನಿಯರ್:
ತುಂಬಾ ಒಳ್ಳೆಯದು. ಜಿಲ್ಲಾ ಕೋರ್ಟಿನಿಂದ ಬಡ್ತಿ ಪಡೆಯುವವರಾದರೆ ಅವರ ಜಾಮೀನು ಆದೇಶಗಳನ್ನು ನಾನು ಹುಡುಕಿ ಕೊಡುತ್ತೇನೆ. ಇ-ಕೋರ್ಟ್ಸ್ ತಾಣದಲ್ಲಿ ಸುಮಾರು ಸಿಗುತ್ತವೆ. ವಕೀಲರಾದರೆ ಅವರು ವಾದಿಸಿದ ಪ್ರಕರಣ ಹಿಡಿದು ದೂರಬೇಡಿ. ಕೊಲೆ ಆರೋಪಿಯ ಪರ ವಾದಿಸುವುದೂ ವಕೀಲರ ಕೆಲಸವೇ. ಅವರೇ ಸ್ವಂತವಾಗಿ ಬರೆದ ಲೇಖನ, ಕೊಟ್ಟ ಭಾಷಣ ಮಾತ್ರ ನೋಡೋಣ. ಹೆಸರು ಚೆನ್ನಾಗಿದ್ದರೆ ಬೆಂಬಲದ ಪತ್ರವನ್ನೂ ಕಳಿಸೋಣ. ಸರ್ಕಾರ ತಡೆದಿಟ್ಟ ಒಳ್ಳೆಯ ಹೆಸರುಗಳಿಗೆ ಅದು ಇನ್ನೂ ಜಾಸ್ತಿ ಬೇಕು.

ಡೊಂಬಿವಲಿ ರಾಯರು:
ಪತ್ರದ ಕರಡು ನನಗೆ ಕಳಿಸಿ ತಂಗಿ. ಬ್ಯಾಂಕಿನಲ್ಲಿ ಜೀವನವೆಲ್ಲ ಪತ್ರ ತಿದ್ದಿದವನು. ಒಂದು ಶಬ್ದ ಹೆಚ್ಚು ಕಡಿಮೆ ಆಗದ ಹಾಗೆ ನೋಡುತ್ತೇನೆ. ಸಹಿಯನ್ನೂ ಹಾಕುತ್ತೇನೆ.